ಸೊನ್ನೆಯ ಕೆಳಗಿನ ಅಂಕೆ

ಹೆಗ್ಗಡದೇವನಕೋಟೆಯ ಹ್ಯಾಂಡ್‌ಪೋಸ್ಟಿನಲ್ಲಿ ಮೈಸೂರಿನ ಬಸ್ಸಿಗೆ ಕಾದು ನಿಲ್ಲುವ ಬಹುಮಂದಿಗೆ ಆ ಮೇಷ್ಟ್ರ ಪರಿಚಯವುಂಟು. ಬಿಳಿಯ ಪಂಚೆ, ಅರೆತೋಳಿನ ಅಂಗಿ, ಅಂಗಿಯ ಜೇಬಿನಲ್ಲೊಂದು ಪುಟ್ಟ ಟಿಪ್ಪಣಿ ಪುಸ್ತಕ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತಾಲ್ಲೂಕಿನ ಶಾಲೆಗಳಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಲೆಕ್ಕವಿಲ್ಲದ ಮಾತು ಅವರಿಗೆ ರುಚಿಸದು. ‘ಈ ಸಲ ಒಳ್ಳೆಯ ಮಳೆ’ ಎಂದರೆ ‘ಎಷ್ಟು ಅಂಗುಲ?’ ಎಂದು ಕೇಳುವರು. ‘ಬೀಚನಹಳ್ಳಿಯ ಅಣೆಕಟ್ಟು ತುಂಬಿತಂತೆ’ ಎಂದರೆ ‘ಇನ್ನೆಷ್ಟು ಅಡಿ ಬಾಕಿ?’ ಎನ್ನುವರು. ಉತ್ತರ ಸಿಕ್ಕರೆ ಪುಸ್ತಕ ಜೇಬಿನಿಂದ ಹೊರಕ್ಕೆ ಬರುತ್ತದೆ.

ಇಂಥವರು ಅರವತ್ತು ವರ್ಷಗಳ ಕಾಲ ಒಂದೇ ಒಂದು ಲೆಕ್ಕವನ್ನು ಯಾರ ಬಳಿಯೂ ಕೇಳಿರಲಿಲ್ಲ.

ಅದು 1962ರ ಮಾತು. ಅವರಿಗೆ ಆಗ ಹನ್ನೆರಡು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಹೊಟ್ಟೆನೋವೆಂದು ಒದ್ದಾಡುತ್ತಿದ್ದ ಅಕ್ಕನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ, ಮುಂದೆ ಬಸ್ಸಿಗೆ ಹತ್ತಿಸಿ, ದೊಡ್ಡ ಊರೊಂದರ ಆಸ್ಪತ್ರೆಗೆ ಒಯ್ದರು. ಅಪೆಂಡಿಸೈಟಿಸ್ ಎಂದರು. ಮರುದಿನ ಬೆಳಗ್ಗೆ ಶಸ್ತ್ರಚಿಕಿತ್ಸೆಗೆ ಒಳಗೆ ಕರೆದೊಯ್ದರು. ನಡುಹಗಲಿನ ಹೊತ್ತಿಗೆ ಒಬ್ಬಾತ ಬಾಗಿಲ ಬಳಿ ಬಂದು ತಂದೆಯ ಕಿವಿಯಲ್ಲಿ ಏನೋ ಹೇಳಿದ. ‘ಮತ್ತು ಕೊಟ್ಟರು, ಎಚ್ಚರವಾಗಲಿಲ್ಲ.’ ಆ ಮನೆಯಲ್ಲಿ ಆ ಸಾವಿನ ಚರಿತ್ರೆಯೆಲ್ಲ ಈ ಒಂದು ವಾಕ್ಯದಲ್ಲೇ ಮುಗಿಯಿತು. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಬಹುದೆಂಬುದೂ ಯಾರಿಗೂ ತಿಳಿದಿರಲಿಲ್ಲ. ತಾಯಿ ಆಮೇಲೆ ಮೂವತ್ತು ವರ್ಷ ಬದುಕಿದ್ದಳು. ಊರಲ್ಲಿ ಯಾರಿಗಾದರೂ ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಈಗ ಮೇಷ್ಟ್ರ ಹೆಂಡತಿಯ ಸರದಿ. ಪಿತ್ತಕೋಶದಲ್ಲಿ ಕಲ್ಲು. ಎರಡು ವರ್ಷ ಕಷಾಯ, ಪಥ್ಯ, ಹರಕೆಗಳಲ್ಲಿ ಕಳೆಯಿತು. ಕಡೆಗೆ ನೋವು ತಡೆಯದೆ ತಾಲ್ಲೂಕಿನಲ್ಲೇ ಇರುವ ಒಂದು ಆಸ್ಪತ್ರೆಗೆ ಬಂದರು. ಶಸ್ತ್ರವೈದ್ಯರು ತಾರೀಕು ಗೊತ್ತುಮಾಡಿ, ‘ಅರಿವಳಿಕೆ ಡಾಕ್ಟರನ್ನು ಒಮ್ಮೆ ನೋಡಿ ಬನ್ನಿ’ ಎಂದು ಪಕ್ಕದ ಕೋಣೆಗೆ ಕಳುಹಿಸಿದರು.

ಅಲ್ಲಿ ಕುಳಿತಿದ್ದವಳು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಅವಳ ತಂದೆ ಸರಗೂರಿನ ಶಾಲೆಯಲ್ಲಿ ಮೇಷ್ಟ್ರ ಬಳಿ ಬೀಜಗಣಿತ ಕಲಿತವನು. ಆಕೆ ಎದ್ದು ನಿಂತು ನಮಸ್ಕರಿಸಿದಳು. ಹೆಂಡತಿಯ ಬಾಯಿ ತೆರೆಸಿ ನೋಡಿ, ಕತ್ತು ಎತ್ತಿಸಿ ಇಳಿಸಿ, ಎದೆಯ ಸದ್ದು ಆಲಿಸಿ, ಹಿಂದೆ ಆದ ಕಾಯಿಲೆಗಳನ್ನೆಲ್ಲ ಕೇಳಿ ಬರೆದುಕೊಂಡಳು. ಎಲ್ಲ ಮುಗಿದ ಮೇಲೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ಒಂದು ಮಾತು ಕೇಳಬಹುದೇನಮ್ಮ?”

“ಕೇಳಿ ಮೇಷ್ಟ್ರೇ.”

“ನೀನು ಇಲ್ಲಿಗೆ ಬಂದ ಮೇಲೆ ಮತ್ತು ಕೊಟ್ಟವರಲ್ಲಿ ಏಳದೆ ಹೋದವರು ಎಷ್ಟು ಮಂದಿ?”

ಹೆಂಡತಿ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು, “ಶುಭ ನುಡಿಯೋ ಸೋಮ ಅಂದರೆ ಗೂಬೆ ಕಾಣುತ್ತಲ್ಲೋ ಮಾಮ ಅಂದನಂತೆ” ಎಂದು ಗೊಣಗಿದರು. ವೈದ್ಯೆ ಮಾತ್ರ ನಗಲಿಲ್ಲ.

“ಒಬ್ಬರೂ ಇಲ್ಲ ಮೇಷ್ಟ್ರೇ.”

“ಸೊನ್ನೆ” ಎಂದು ಮೇಷ್ಟ್ರು ಪುಸ್ತಕ ತೆಗೆದು ಬರೆದುಕೊಂಡರು. ಬರೆದು, ಅದರ ಕೆಳಗೊಂದು ಗೆರೆ ಎಳೆದು, ಲೇಖನಿಯನ್ನು ಎತ್ತಿಹಿಡಿದು ಕೇಳಿದರು: “ಎಷ್ಟಕ್ಕೆ ಸೊನ್ನೆ?”

ವೈದ್ಯೆ ಕುರ್ಚಿಯಲ್ಲಿ ನೆಟ್ಟಗಾದಳು. “ಮೂರು ವರ್ಷ. ವರ್ಷಕ್ಕೆ ಮುನ್ನೂರರಂತೆ ಒಂಬೈನೂರು. ಈ ಪ್ರಶ್ನೆ ಕೇಳಿದವರು ನೀವೇ ಮೊದಲು, ಮೇಷ್ಟ್ರೇ. ಎಲ್ಲರೂ ಮೇಲಿನ ಅಂಕೆ ಕೇಳಿ ಸಮಾಧಾನಪಟ್ಟುಕೊಂಡು ಹೋಗುತ್ತಾರೆ.”

*

ಮೇಲಿನ ಅಂಕೆಗೂ ಕೆಳಗಿನ ಅಂಕೆಗೂ ಇರುವ ನಂಟು ಶಾಲೆಯ ಹುಡುಗರಿಗೆ ಭಿನ್ನರಾಶಿಯ ಪಾಠದಲ್ಲಿ ಗೊತ್ತಾಗುತ್ತದೆ, ದೊಡ್ಡವರು ಮರೆಯುತ್ತಾರೆ. ದೊಡ್ಡವರು ಮರೆತಾಗ ಎಂಥ ಪ್ರಮಾದವಾಗುತ್ತದೆ ಎಂಬುದಕ್ಕೆ ಫ್ಲಾರೆನ್ಸ್ ನೈಟಿಂಗೇಲಳ ಪುಸ್ತಕದಲ್ಲೇ ಒಂದು ನಿದರ್ಶನವಿದೆ. ಆಸ್ಪತ್ರೆಗಳನ್ನು ಕುರಿತು ಆಕೆ 1863ರಲ್ಲಿ ಪ್ರಕಟಿಸಿದ ಆ ಪುಸ್ತಕದಲ್ಲಿ ಲಂಡನ್ನಿನ 24 ಆಸ್ಪತ್ರೆಗಳ ಮರಣಪ್ರಮಾಣ ನೂರಕ್ಕೆ ತೊಂಬತ್ತನ್ನೂ ಮೀರಿತ್ತು. ಒಳಗೆ ಹೋದ ಹತ್ತು ಮಂದಿಯಲ್ಲಿ ಒಬ್ಬನೇ ಹೊರಬರುತ್ತಿದ್ದನೆ? ಹಾಗೇನೂ ಅಲ್ಲ. ವರ್ಷವಿಡೀ ಸತ್ತವರ ಸಂಖ್ಯೆಯನ್ನು, ಒಂದೇ ಒಂದು ದಿನ ಹಾಸಿಗೆಯಲ್ಲಿದ್ದವರ ಸಂಖ್ಯೆಯಿಂದ ಭಾಗಿಸಿದ್ದರು. ಮೇಲಿನ ಅಂಕೆ ಸರಿಯಾಗಿತ್ತು. ಕೆಳಗಿನದು ಬೇರೆ ಲೆಕ್ಕದ್ದು.

ಅರಿವಳಿಕೆಯ ಚರಿತ್ರೆ ಆರಂಭವಾಗುವುದೇ ಇಂಥ ಎಣಿಕೆಯ ಜಗಳದಿಂದ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದರು. ಮರುವರ್ಷ ಎಡಿನ್‌ಬರೋದಲ್ಲಿ ಕ್ಲೋರೋಫಾರಂ ಬಂತು. ಅದು ಬಂದು ಮೂರು ತಿಂಗಳಾಗುವುದರೊಳಗೆ, 1848ರ ಜನವರಿ 28ರಂದು, ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಹಾನ್ನಾ ಗ್ರೀನರ್ ಎಂಬ ಹದಿನೈದು ವರ್ಷದ ಹುಡುಗಿ ಕಾಲ್ಬೆರಳ ಉಗುರು ತೆಗೆಸಿಕೊಳ್ಳಲು ಕುಳಿತವಳು ಕ್ಲೋರೋಫಾರಂ ಮೂಸಿ ಕೆಲವೇ ನಿಮಿಷಗಳಲ್ಲಿ ಸತ್ತಳು. ಉಗುರಿನಿಂದ ಯಾರೂ ಸಾಯುವುದಿಲ್ಲ. ಆದುದರಿಂದ ಈ ಸಾವನ್ನು ರೋಗದ ಖಾತೆಗೆ ಬರೆಯುವುದು ಯಾರಿಗೂ ಸಾಧ್ಯವಾಗಲಿಲ್ಲ. ಲಂಡನ್ನಿನ ಡಾಕ್ಟರ್ ಜಾನ್ ಸ್ನೋ ಅಂದಿನಿಂದ ಇಂಥ ಸಾವುಗಳನ್ನು ಒಂದೊಂದಾಗಿ ಹುಡುಕಿ ಬರೆದಿಟ್ಟುಕೊಂಡ. 1858ರಲ್ಲಿ ಆತನೂ ತೀರಿಹೋದ. ಅದೇ ವರ್ಷ ಹೊರಬಂದ ಅವನ ಪುಸ್ತಕದಲ್ಲಿ ಅಂಥ ಐವತ್ತು ಸಾವುಗಳ ವಿವರವಿತ್ತು. ಯಾರನ್ನೂ ಜೈಲಿಗೆ ಹಾಕಿಸುವುದಕ್ಕಾಗಿ ಅವನು ಬರೆಯಲಿಲ್ಲ. ಮುಂದಿನವನು ಬದುಕಲಿ ಎಂದು ಬರೆದ.

ಆದರೆ ‘ಒಬ್ಬರೂ ಇಲ್ಲ’ ಎಂಬ ಮಾತಿನ ಮೋಹ ದೊಡ್ಡದು. ಅದರ ಅತಿ ದೊಡ್ಡ ಕಥೆ ನಡೆದದ್ದು ದೂರದ ಲಂಡನ್ನಿನಲ್ಲಲ್ಲ, ಹೈದರಾಬಾದಿನಲ್ಲಿ. ಕಲಬುರಗಿ, ರಾಯಚೂರು, ಬೀದರಗಳೆಲ್ಲ ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಎಂಬಾತ, ತಾವು ಸಾವಿರಾರು ಮಂದಿಗೆ ಕ್ಲೋರೋಫಾರಂ ಕೊಟ್ಟಿದ್ದೇವೆ, ಒಬ್ಬರೂ ಸತ್ತಿಲ್ಲ, ಉಸಿರನ್ನು ನೋಡಿಕೊಂಡರೆ ಸಾಕು, ನಾಡಿ ಹಿಡಿದು ಕೂರಬೇಕಾಗಿಲ್ಲ ಎಂದು ಸಾರಿದ. ಲಂಡನ್ನಿನವರು ನಂಬಲಿಲ್ಲ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಸಾವಿರ ಪೌಂಡು ಕೊಟ್ಟು ಅಲ್ಲಿಂದಲೇ ತಜ್ಞರನ್ನು ಕರೆಸಿದರು. 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರಂ ಆಯೋಗಗಳು ಕುಳಿತವು. ನೂರಾರು ನಾಯಿಗಳ ಮೇಲೆ, ಕೋತಿಗಳ ಮೇಲೆ ಪ್ರಯೋಗ ನಡೆಯಿತು. ‘ಉಸಿರೇ ಮೊದಲು ನಿಲ್ಲುತ್ತದೆ, ಹೃದಯಕ್ಕೆ ನೇರವಾದ ಅಪಾಯವಿಲ್ಲ’ ಎಂದು ತೀರ್ಪಾಯಿತು.

ತೀರ್ಪು ತಪ್ಪಾಗಿತ್ತು. 1911ರಲ್ಲಿ ಲೀವಿ ಎಂಬ ವಿಜ್ಞಾನಿ, ಹಗುರವಾಗಿ ಕ್ಲೋರೋಫಾರಂ ಕೊಟ್ಟ ಹೊತ್ತಿನಲ್ಲೇ ಹೃದಯ ಇದ್ದಕ್ಕಿದ್ದಂತೆ ಲಯತಪ್ಪಿ ನಿಂತುಬಿಡಬಹುದೆಂದು ಬೆಕ್ಕುಗಳ ಮೇಲಿನ ಪ್ರಯೋಗದಿಂದ ತೋರಿಸಿದ. ಹೆದರಿದ, ಬೆದರಿದ ರೋಗಿಯ ಮೈಯಲ್ಲಿ ಉಕ್ಕುವ ಅಡ್ರಿನಲಿನ್ನೇ ಆ ಆಪತ್ತನ್ನು ಕರೆಯುತ್ತಿತ್ತು. ಲಾರಿ ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ಅವನ ಸೊನ್ನೆಯು ಅವನ ಆಸ್ಪತ್ರೆಯ, ಅವನ ಕೈಯ, ಅವನ ರೋಗಿಗಳ ಸೊನ್ನೆ. ಅದನ್ನು ಪ್ರಪಂಚದ ಸೊನ್ನೆಯೆಂದು ತಿಳಿದದ್ದು ಅವನ ತಪ್ಪು.

*

“ಹಾಗಾದರೆ ನಿನ್ನ ಒಂಬೈನೂರಕ್ಕೆ ಸೊನ್ನೆಯ ಬೆಲೆ ಎಷ್ಟಮ್ಮ?” ಎಂದು ಮೇಷ್ಟ್ರು ಕೇಳಿದರು.

“ಅದಕ್ಕೊಂದು ಸುಲಭ ಸೂತ್ರವಿದೆ. ಇಷ್ಟು ಮಂದಿಯಲ್ಲಿ ಒಬ್ಬರೂ ಸಾಯದಿದ್ದರೆ, ಮೂರನ್ನು ಆ ಸಂಖ್ಯೆಯಿಂದ ಭಾಗಿಸಿ. ನಿಜವಾದ ಅಪಾಯ ಹೆಚ್ಚೆಂದರೆ ಅಷ್ಟಿರಬಹುದು ಎಂದು ನೂರಕ್ಕೆ ತೊಂಬತ್ತೈದರಷ್ಟು ಭರವಸೆಯಿಂದ ಹೇಳಬಹುದು.”

ಮೇಷ್ಟ್ರು ಭಾಗಿಸಿದರು. ಒಂಬೈನೂರರಲ್ಲಿ ಮೂರು, ಎಂದರೆ ಮುನ್ನೂರಕ್ಕೊಂದು. ಅವರ ಮುಖ ಸಣ್ಣದಾಯಿತು.

“ಅಷ್ಟಿದೆ ಎಂದಲ್ಲ ಮೇಷ್ಟ್ರೇ. ಅಷ್ಟಿಲ್ಲ ಎಂದು ಈ ಲೆಕ್ಕವೊಂದರಿಂದಲೇ ಹೇಳಲಾಗದು, ಅಷ್ಟೆ.”

ಕಾಡಂಚಿನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂತರಸಂತೆಯ ಕಡೆಯ ರೈತ ರಾಗಿ ಹೊಲದ ಅಟ್ಟಣೆಯ ಮೇಲೆ ಹತ್ತು ರಾತ್ರಿ ಕಾದು ಕುಳಿತು, ಒಂದು ಆನೆಯನ್ನೂ ಕಾಣಲಿಲ್ಲವೆಂದು ಹನ್ನೊಂದನೆಯ ರಾತ್ರಿ ಮನೆಯಲ್ಲಿ ಹೊದ್ದು ಮಲಗುತ್ತಾನೆಯೆ? ಹತ್ತು ಸೊನ್ನೆಗಳ ಬೆಲೆ ಅವನಿಗೆ ಗೊತ್ತು. ಮೇಷ್ಟ್ರಿಗೂ ಗೊತ್ತಾಯಿತು. ಅವರು ಲೆಕ್ಕವನ್ನು ಮುಂದುವರಿಸಿದರು. ಅಪಾಯ ಹತ್ತು ಸಾವಿರಕ್ಕೊಂದು ಎಂದಿಟ್ಟುಕೊಂಡರೆ, ವರ್ಷಕ್ಕೆ ಮುನ್ನೂರು ಶಸ್ತ್ರಚಿಕಿತ್ಸೆ ನಡೆಯುವ ಆಸ್ಪತ್ರೆಯಲ್ಲಿ ಸರಾಸರಿ ಮೂವತ್ತಮೂರು ವರ್ಷಕ್ಕೊಮ್ಮೆ ಅಂಥ ಸಾವು ಕಂಡೀತು. ಒಬ್ಬ ವೈದ್ಯೆಯ ಇಡೀ ಉದ್ಯೋಗವೇ ಅಷ್ಟು ದಿನದ್ದು. ಬಹಳ ಎಚ್ಚರದವಳೂ ಸೊನ್ನೆ, ತುಸು ಅಜಾಗರೂಕಳೂ ಸೊನ್ನೆ. ಸಣ್ಣ ಊರಿನಲ್ಲಿ ಸಾವಿನ ಪ್ರಮಾಣವೆಂಬ ತಕ್ಕಡಿ ಇಬ್ಬರನ್ನೂ ಒಂದೇ ತೂಕಕ್ಕೆ ತೂಗುತ್ತದೆ.

ಅದಕ್ಕೇ ಲೆಕ್ಕವನ್ನು ಒಟ್ಟುಗೂಡಿಸಿ ನೋಡಬೇಕಾಯಿತು. ಅಮೆರಿಕದ ಬೀಚರ್ ಮತ್ತು ಟಾಡ್ ಎಂಬ ವೈದ್ಯರು ಹತ್ತು ದೊಡ್ಡ ಆಸ್ಪತ್ರೆಗಳಲ್ಲಿ 1948ರಿಂದ 1952ರವರೆಗೆ ಅರಿವಳಿಕೆ ಪಡೆದ 5,99,548 ಮಂದಿಯ ಲೆಕ್ಕ ತೆಗೆದು 1954ರಲ್ಲಿ ಪ್ರಕಟಿಸಿದರು. ಅರಿವಳಿಕೆಯ ಪಾತ್ರವಿದ್ದ ಸಾವು 1,560ಕ್ಕೊಂದು. ಸ್ನಾಯುಗಳನ್ನು ಸಡಿಲಿಸುವ ಕುರಾರೆಯ ಜಾತಿಯ ಔಷಧ ಕೊಟ್ಟವರಲ್ಲಿ 370ಕ್ಕೊಂದು, ಕೊಡದವರಲ್ಲಿ 2,100ಕ್ಕೊಂದು. ಈ ಅಂಕೆಗಳು ಹೊರಬಿದ್ದಾಗ ದೊಡ್ಡ ಗದ್ದಲವಾಯಿತು. ಔಷಧವೇ ವಿಷವೆ? ಅದನ್ನು ಕೊಟ್ಟ ಮೇಲೆ ಉಸಿರಾಟಕ್ಕೆ ಆಸರೆ ಕೊಡುವ ವಿದ್ಯೆ ಇನ್ನೂ ಕೈಗೂಡಿರಲಿಲ್ಲವೆ? ಹೆಚ್ಚು ಕಾಯಿಲೆಯವರಿಗೇ ಅದನ್ನು ಕೊಡುತ್ತಿದ್ದರೆ? ಉತ್ತರ ಏನೇ ಇರಲಿ, ಪ್ರಶ್ನೆ ಹುಟ್ಟಿದ್ದು ಎಣಿಸಿದ್ದರಿಂದ. ಆ ಔಷಧಗಳ ಮುಂದಿನ ಪೀಳಿಗೆ ಇಂದಿಗೂ ಬಳಕೆಯಲ್ಲಿದೆ. ಬದಲಾದದ್ದು ಕಾಯುವ ರೀತಿ.

ಒಟ್ಟುಗೂಡಿಸಿದ ಲೆಕ್ಕಕ್ಕೂ ತೊಡಕುಗಳಿವೆ. ಬ್ರಿಟನ್ನಿನಲ್ಲಿ 1982ರ ವರದಿ, ಪೂರಾ ಅರಿವಳಿಕೆಯಿಂದಲೇ ಆದ ಸಾವು ಹತ್ತು ಸಾವಿರಕ್ಕೊಂದು ಎಂದಿತು. 1987ರ ಇನ್ನೊಂದು ವರದಿ 1,85,000ಕ್ಕೊಂದು ಎಂದಿತು. ಐದೇ ವರ್ಷದಲ್ಲಿ ವೈದ್ಯರು ಹದಿನೆಂಟು ಪಟ್ಟು ಜಾಣರಾದರೆ? ಎಣಿಸಿದ ಬಗೆಯೇ ಬೇರೆ. ಎಂಬತ್ತರ ಮುದುಕ, ಸೋತ ಹೃದಯ, ಹರಿದ ಕರುಳು, ನಡುರಾತ್ರಿಯ ಶಸ್ತ್ರಚಿಕಿತ್ಸೆ: ಇಂಥವನು ಸತ್ತರೆ ರೋಗಕ್ಕೆಷ್ಟು, ಕತ್ತಿಗೆಷ್ಟು, ಮತ್ತಿಗೆಷ್ಟು ಎಂದು ಪಾಲು ಹಂಚುವವರು ಯಾರು? ಅಣ್ಣತಮ್ಮಂದಿರ ಆಸ್ತಿಪಾಲಿನಂತೆ ಇಲ್ಲಿಯೂ ಗೆರೆ ಎಳೆದವನ ಕೈಯ ಮೇಲೆ ಎಲ್ಲವೂ ನಿಂತಿದೆ.

ಇಷ್ಟೆಲ್ಲ ತೊಡಕಿನ ನಡುವೆಯೂ ಒಂದು ಸಂಗತಿ ನಿಚ್ಚಳವಾಗಿದೆ. 2012ರಲ್ಲಿ ಹಲವು ದೇಶಗಳ ಎರಡು ಕೋಟಿಗೂ ಮಿಕ್ಕ ರೋಗಿಗಳ ಲೆಕ್ಕವನ್ನು ಸೇರಿಸಿ ನೋಡಿದಾಗ, ಅರಿವಳಿಕೆಯೊಂದರಿಂದಲೇ ಆದ ಸಾವು 1970ಕ್ಕೆ ಹಿಂದೆ ಹತ್ತು ಲಕ್ಷಕ್ಕೆ 357 ಇದ್ದದ್ದು, 1990ರ ಈಚೆಗೆ 34ಕ್ಕೆ ಇಳಿದಿತ್ತು. ಬಡದೇಶಗಳಲ್ಲಿ ಮಾತ್ರ ಇಂದಿಗೂ ಅದು ಸಿರಿವಂತ ದೇಶಗಳಿಗಿಂತ ಹಲವು ಪಟ್ಟು ಹೆಚ್ಚು.

*

“ಸಾವನ್ನು ಎಣಿಸಿ ಪ್ರಯೋಜನವಿಲ್ಲವೆಂದರೆ, ನೀನು ಏನನ್ನು ಎಣಿಸುತ್ತೀಯಮ್ಮ?”

ವೈದ್ಯೆ ಮೇಜಿನ ಸೆಳೆಖಾನೆಯಿಂದ ಉದ್ದನೆಯ ರಟ್ಟಿನ ಪುಸ್ತಕವೊಂದನ್ನು ತೆಗೆದಿಟ್ಟಳು. ಆಸ್ಪತ್ರೆಯ ದಾಖಲೆಯಲ್ಲ, ಅವಳ ಸ್ವಂತದ್ದು. ಹೆಸರುಗಳಿರಲಿಲ್ಲ, ತಾರೀಕು, ವಯಸ್ಸು, ಒಂದು ಸಾಲಿನ ವಿವರ. ‘ಉಸಿರು ನಳಿಕೆ ಮೊದಲ ಸಲಕ್ಕೆ ಹೋಗಲಿಲ್ಲ.’ ‘ಆಮ್ಲಜನಕ ತೊಂಬತ್ತಕ್ಕಿಂತ ಕೆಳಗೆ, ಎರಡು ನಿಮಿಷ.’ ‘ರಕ್ತದ ಒತ್ತಡ ಕುಸಿಯಿತು.’ ‘ಸಿಲಿಂಡರ್ ಬದಲಿಸುವಾಗ ತಡ.’

“ಇವರೆಲ್ಲ ಎದ್ದು ಮನೆಗೆ ಹೋದವರೇ. ಸಾವು ಮೂವತ್ತು ವರ್ಷಕ್ಕೊಮ್ಮೆ ಬರಬಹುದು. ಅದರ ನೆರಳು ತಿಂಗಳಿಗೊಮ್ಮೆ ಹಾದು ಹೋಗುತ್ತದೆ. ನೆರಳನ್ನು ಎಣಿಸಿದರೆ ಕಲಿಯುವುದಕ್ಕೆ ಅವಕಾಶವುಂಟು.”

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ 2020-21ರ ಕೊರೋನಾ ಕಾಲದಲ್ಲಿ ಹಳ್ಳಿಯ ಮನೆಗಳಿಗೂ ಬಂದು ಪರಿಚಿತವಾಯಿತು. ಅದರ ತತ್ತ್ವವನ್ನು 1970ರ ದಶಕದಲ್ಲಿ ಕಂಡುಕೊಂಡವರು ಜಪಾನಿನ ತಕುವೊ ಅವೊಯಾಗಿ. ತುಟಿ ನೀಲಿಯಾಗುವುದನ್ನು ಕಣ್ಣು ಕಾಣುವ ಮುಂಚೆಯೇ ಅದು ಕೂಗಿ ಎಬ್ಬಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರಡಿಸಿದ ಶಸ್ತ್ರಚಿಕಿತ್ಸೆಯ ಪರಿಶೀಲನಾ ಪಟ್ಟಿಯಲ್ಲಿ ಅದಕ್ಕೆ ಸ್ಥಾನವುಂಟು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಆ ಪಟ್ಟಿಯನ್ನು ಗಟ್ಟಿಯಾಗಿ ಓದಿ ಕೆಲಸ ಆರಂಭಿಸಿದಾಗ ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಹೊಸ ಔಷಧವಿಲ್ಲ, ಹೊಸ ಶಸ್ತ್ರವಿಲ್ಲ. ಒಂದು ಹಾಳೆ, ಹತ್ತೊಂಬತ್ತು ಪ್ರಶ್ನೆ.

ಮೇಷ್ಟ್ರು ಪುಸ್ತಕದ ಕಲಮುಗಳನ್ನು ಒಂದೊಂದಾಗಿ ನೋಡುತ್ತ ಕಡೆಯದಕ್ಕೆ ಬಂದರು. ಅದರ ತಲೆಯ ಮೇಲೆ ‘ಕಳುಹಿಸಿದವರು’ ಎಂದಿತ್ತು.

“ಇದೇನಮ್ಮ?”

ಆಕೆ ಕೂಡಲೇ ಉತ್ತರಿಸಲಿಲ್ಲ. ಕಿಟಕಿಯ ಹೊರಗೆ ನೋಡಿದಳು.

“ನಾನು ಮೊದಲು ಕೆಲಸಕ್ಕೆ ಸೇರಿದ್ದು ಬೇರೊಂದು ತಾಲ್ಲೂಕಿನಲ್ಲಿ. ಅಲ್ಲಿ ಇಡೀ ಊರಿಗೆ ನಾನೊಬ್ಬಳೇ ಅರಿವಳಿಕೆಯವಳು. ಒಂದು ವಾರ ರಜೆಯ ಮೇಲೆ ಮನೆಗೆ ಬಂದಿದ್ದೆ. ಆ ರಾತ್ರಿ ಕಾಡಿನ ಹಾಡಿಯೊಂದರಿಂದ ಹೆರಿಗೆಗೆ ಹುಡುಗಿಯನ್ನು ಕರೆತಂದರಂತೆ. ಮಗು ಅಡ್ಡಲಾಗಿತ್ತು. ಹೊಟ್ಟೆ ಕೊಯ್ದು ತೆಗೆಯಬೇಕು, ಮತ್ತು ಕೊಡುವವರಿಲ್ಲ. ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟರು. ದಾರಿಯಲ್ಲೇ ಹೋಗಿಬಿಟ್ಟಳು.”

ಕೋಣೆಯಲ್ಲಿ ಗೋಡೆಯ ಗಡಿಯಾರದ ಸದ್ದೊಂದೇ ಉಳಿಯಿತು.

“ಆ ವರ್ಷವೂ ನಮ್ಮ ಆಸ್ಪತ್ರೆಯ ಲೆಕ್ಕ ಸೊನ್ನೆಯೇ ಮೇಷ್ಟ್ರೇ. ಮತ್ತು ಕೊಡದಿದ್ದರೆ ಮತ್ತಿನಿಂದ ಯಾರೂ ಸಾಯುವುದಿಲ್ಲವಲ್ಲ.”

ಮೇಷ್ಟ್ರು ಬಹಳ ಹೊತ್ತು ಆ ಕಲಮನ್ನೇ ನೋಡುತ್ತಿದ್ದರು. ಕಠಿಣವಾದ ಕೇಸುಗಳನ್ನೆಲ್ಲ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವ ಆಸ್ಪತ್ರೆಯ ಅಂಕೆ ಎಲ್ಲಕ್ಕಿಂತ ಚೊಕ್ಕಟವಾಗಿರುತ್ತದೆ. ಎಲ್ಲರನ್ನೂ ಒಳಗೆ ಕರೆದುಕೊಳ್ಳುವ ದೊಡ್ಡ ಆಸ್ಪತ್ರೆಯ ಅಂಕೆ ಕೆಟ್ಟದಾಗಿ ಕಾಣುತ್ತದೆ. ದಾರಿಯಲ್ಲಿ ಸತ್ತವರು ಯಾವ ಆಸ್ಪತ್ರೆಯ ಮೇಲಿನ ಅಂಕೆಗೂ ಸೇರುವುದಿಲ್ಲ, ಕೆಳಗಿನ ಅಂಕೆಗೂ ಸೇರುವುದಿಲ್ಲ. ಹೆಗ್ಗಡದೇವನಕೋಟೆಯಿಂದ ಮೈಸೂರಿಗೆ ಸುಮಾರು ಐವತ್ತು ಕಿಲೋಮೀಟರು. ಡಿ.ಬಿ. ಕುಪ್ಪೆಯ ಕಡೆಯ ಹಾಡಿಗಳಿಂದ ಎಂದರೆ ಅದರ ಮುಂಚೆ ಕಾಡಿನ ದಾರಿ ಬೇರೆ. ಆ ದಾರಿಯ ಉದ್ದವೂ ಅರಿವಳಿಕೆಯ ಸುರಕ್ಷತೆಯ ಒಂದು ಅಳತೆಯೇ.

ಇದನ್ನು ಅರಿತವರು ಇಲ್ಲದಿಲ್ಲ. ಸಾಮಾನ್ಯ ಎಂ.ಬಿ.ಬಿ.ಎಸ್. ವೈದ್ಯರಿಗೆ ಕೆಲವು ವಾರಗಳ ತರಬೇತಿ ಕೊಟ್ಟು, ತುರ್ತು ಹೆರಿಗೆಗೆ ಬೇಕಾದಷ್ಟು ಅರಿವಳಿಕೆಯ ಕೌಶಲ ಕಲಿಸುವ ಯೋಜನೆಯನ್ನು ಭಾರತ ಸರ್ಕಾರ ತಂದದ್ದು ಈ ಕಾರಣಕ್ಕೇ. ಮೈಸೂರು ವೈದ್ಯಕೀಯ ಕಾಲೇಜಿನ ತರುಣರು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ, ಮುಂದೆ ಕೆಂಚನಹಳ್ಳಿಯಲ್ಲೂ ಸರಗೂರಿನಲ್ಲೂ ಆಸ್ಪತ್ರೆ ತೆರೆದದ್ದೂ ಈ ದಾರಿಯನ್ನು ಕಿರಿದು ಮಾಡುವ ಕೆಲಸವೇ. ಕರ್ನಾಟಕದಲ್ಲಿ ಲಕ್ಷ ಜನನಗಳಿಗೆ ಆಗುವ ತಾಯಂದಿರ ಸಾವು 2001-03ರಲ್ಲಿ 228 ಇತ್ತು, 2018-20ರಲ್ಲಿ 69. ಈ ಇಳಿಕೆಗೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಆಸ್ಪತ್ರೆಯಲ್ಲಾಗಲಿ, ಮನೆಯಲ್ಲಾಗಲಿ, ದಾರಿಯಲ್ಲಾಗಲಿ, ತಾಯಿ ಸತ್ತರೆ ಏಕೆಂದು ಕೇಳಿ ಬರೆದುಕೊಳ್ಳಬೇಕೆಂಬ ನಿಯಮ ಬಂದದ್ದು.

*

ಎಲ್ಲ ಮಾತು ಮುಗಿದ ಮೇಲೆ ವೈದ್ಯೆ ಹೆಂಡತಿಯ ಕಡೆ ತಿರುಗಿದಳು. “ಅಮ್ಮ, ಆಪರೇಷನ್ನಿನ ಹಿಂದಿನ ರಾತ್ರಿ ಊಟ ಆದ ಮೇಲೆ ಏನೂ ತಿನ್ನಬಾರದು. ಹಾಲು, ಕಾಫಿ, ಗಂಜಿ ಯಾವುದೂ ಕೂಡದು. ನೀರು ಎಷ್ಟು ಹೊತ್ತಿನವರೆಗೆ ಕುಡಿಯಬಹುದೆಂದು ನಾನೇ ಹೇಳುತ್ತೇನೆ.”

“ಒಂದು ಲೋಟ ಗಂಜಿಗೆ ಏನಾದೀತು ತಾಯಿ?” ಎಂದರು ಹೆಂಡತಿ.

“ಎಚ್ಚರವಿದ್ದಾಗ ಅನ್ನ ಗಂಟಲಿಗೆ ಬಂದರೆ ಕೆಮ್ಮುತ್ತೇವೆ. ಮತ್ತಿನಲ್ಲಿ ಕೆಮ್ಮಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ.” ನ್ಯೂಯಾರ್ಕಿನ ಮೆಂಡೆಲ್ಸನ್ ಎಂಬ ವೈದ್ಯ 44,016 ಬಸುರಿಯರ ದಾಖಲೆಗಳನ್ನು ನೋಡಿ, ಮತ್ತಿನಲ್ಲಿ ಹೀಗಾದ 66 ಪ್ರಸಂಗಗಳನ್ನು 1946ರಲ್ಲಿ ಬರೆದಿಟ್ಟದ್ದನ್ನೂ, ಅವರಲ್ಲಿ ಇಬ್ಬರು ಗಟ್ಟಿ ಆಹಾರ ಉಸಿರಿಗೆ ಸಿಕ್ಕಿ ಸತ್ತದ್ದನ್ನೂ ಆಕೆ ತಿಳಿಸಿದಳು. “ಖಾಲಿ ಹೊಟ್ಟೆಯ ನಿಯಮಕ್ಕೆ ಅಷ್ಟು ಬಲ ಬಂದದ್ದು ಆ ಲೆಕ್ಕದಿಂದಲೇ.”

ಮೇಷ್ಟ್ರು ಲೇಖನಿಯ ಮುಚ್ಚಳ ಹಾಕಿದರು. ಅವರ ಕೈ ಸ್ವಲ್ಪ ನಡುಗುತ್ತಿತ್ತು. 1962ರ ಆ ಬೆಳಗು ಅವರ ಕಣ್ಣೆದುರು ನಿಂತಿತ್ತು. ಆಸ್ಪತ್ರೆಯ ಜಗಲಿ, ತಾಯಿ ಸೆರಗಿನ ಮರೆಯಲ್ಲಿ ತಂಬಿಗೆ ಹಿಡಿದು ಅಕ್ಕನ ಬಾಯಿಗೆ ರಾಗಿ ಗಂಜಿ ಹಾಕುತ್ತಿದ್ದಳು. ‘ಹಸಿದ ಹೊಟ್ಟೆಯಲ್ಲಿ ಕೂಸನ್ನು ಕೊಯ್ಯುತ್ತಾರೇನೋ, ಶಕ್ತಿ ಬೇಡವೇ? ಯಾರಿಗೂ ಹೇಳಬೇಡ’ ಎಂದಿದ್ದಳು. ಹನ್ನೆರಡು ವರ್ಷದ ಹುಡುಗ ಯಾರಿಗೂ ಹೇಳಿರಲಿಲ್ಲ. ಎಪ್ಪತ್ತು ದಾಟಿದ ಮೇಷ್ಟ್ರು ಈಗ ಮೊದಲ ಸಲ ಹೇಳಿದರು.

ಹೇಳಿ ಮುಗಿಸಿ, “ಅದರಿಂದಲೇ ಏನಮ್ಮ?” ಎಂದು ಕೇಳಿದರು.

ಹೌದೆಂದು ಹೇಳುವುದು ಸುಲಭವಾಗಿತ್ತು. ಅಲ್ಲವೆಂದು ಹೇಳಿ ಸಮಾಧಾನಪಡಿಸುವುದು ಇನ್ನೂ ಸುಲಭ. ಆಕೆ ಎರಡನ್ನೂ ಹೇಳಲಿಲ್ಲ.

“ಇರಬಹುದು ಮೇಷ್ಟ್ರೇ. ಕರುಳು ಊದಿದವರಿಗೆ ಉಪವಾಸವಿದ್ದರೂ ಹೊಟ್ಟೆ ಖಾಲಿಯಾಗಿರುವುದಿಲ್ಲ. ಮತ್ತು ಹೆಚ್ಚಾಗಿರಬಹುದು, ಹೃದಯ ನಿಂತಿರಬಹುದು. ಆ ದಿನ ಯಾರಾದರೂ ಕೇಳಿ ಬರೆದಿಟ್ಟಿದ್ದರೆ ಇವತ್ತು ಹೇಳಬಹುದಿತ್ತು. ಬರೆದಿಲ್ಲವಾದ್ದರಿಂದ ನಿಮ್ಮ ತಾಯಿಯ ಮೇಲೆ ತಪ್ಪು ಹೊರಿಸುವುದಕ್ಕೂ ಯಾರಿಗೂ ಅಧಿಕಾರವಿಲ್ಲ. ಗಂಜಿ ಕೊಡಬಾರದೆಂದು ಹೇಳಿದವರು, ಏಕೆಂದೂ ಹೇಳಬೇಕಾಗಿತ್ತು.”

*

ಶಸ್ತ್ರಚಿಕಿತ್ಸೆಯ ದಿನ ಮುಂಜಾನೆ ಆರು ಗಂಟೆಗೆ ಹೆಂಡತಿಯ ಅಕ್ಕ ಹುಣಸೂರಿನಿಂದ ಬಂದಿಳಿದರು. ಕೈಯಲ್ಲೊಂದು ಫ್ಲಾಸ್ಕು. “ಪಾಪ, ರಾತ್ರಿಯಿಂದ ಏನೂ ಇಲ್ಲವಂತೆ. ಒಂದು ಗುಟುಕು ಹಾಲು ಕಾಫಿ, ಯಾರಿಗೆ ಗೊತ್ತಾಗುತ್ತೆ?” ಎಂದು ಮುಚ್ಚಳ ತಿರುಗಿಸತೊಡಗಿದರು. ಮೇಷ್ಟ್ರು ಎದ್ದು ಫ್ಲಾಸ್ಕನ್ನು ಕೈಯಿಂದ ತೆಗೆದುಕೊಂಡರು. ಗದರಲಿಲ್ಲ. ಆಕೆಯನ್ನು ಬೆಂಚಿನ ಮೇಲೆ ಕೂರಿಸಿ, ಏಕೆ ಕೊಡಬಾರದೆಂಬುದನ್ನು ಶಾಲೆಯಲ್ಲಿ ಹೇಳಿಕೊಟ್ಟ ರೀತಿಯಲ್ಲೇ ಮೊದಲಿನಿಂದ ಕೊನೆಯವರೆಗೆ ಹೇಳಿದರು. ಆಮೇಲೆ ಕಾಫಿಯನ್ನು ಇಬ್ಬರೂ ಹಂಚಿಕೊಂಡು ಕುಡಿದರು.

ಒಂಬತ್ತಕ್ಕೆ ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ಮೇಷ್ಟ್ರು ಪುಸ್ತಕ ತೆಗೆದರು, ಏನನ್ನೂ ಬರೆಯಲಾಗಲಿಲ್ಲ. ಹತ್ತು ಸಾವಿರಕ್ಕೊಂದು ಎಂಬ ಅಂಕೆ ಬೆಂಚಿನ ಮೇಲೆ ಕುಳಿತವನಿಗೆ ಆಸರೆಯಾಗುವುದಿಲ್ಲ. ಅವನ ಪಾಲಿಗೆ ಒಳಗಿರುವುದು ಹತ್ತು ಸಾವಿರವಲ್ಲ, ಒಂದೇ. ಒಳಗೆ ಒಂದು ಯಂತ್ರ ಸಮನಾಗಿ ಟಿಕ್ ಟಿಕ್ ಎನ್ನುತ್ತಿದ್ದುದು ಬಾಗಿಲು ತೆರೆದಾಗಲೊಮ್ಮೆ ಕೇಳಿಸುತ್ತಿತ್ತು. ಅವರು ಅದನ್ನೇ ಎಣಿಸತೊಡಗಿದರು.

ಹನ್ನೊಂದೂಕಾಲಿಗೆ ವೈದ್ಯೆ ಹೊರಗೆ ಬಂದು, “ಎಚ್ಚರವಾಗಿದ್ದಾರೆ, ಬನ್ನಿ” ಎಂದಳು. ಹೆಂಡತಿಯ ಕಣ್ಣು ಅರ್ಧ ತೆರೆದಿತ್ತು. ತುಟಿ ಒಣಗಿತ್ತು. ಗಂಡನ ಮುಖವನ್ನು ಗುರುತಿಸಿ, ಬಹಳ ಪ್ರಯಾಸದಿಂದ ಕೇಳಿದರು:

“ಹಸುವಿಗೆ ಕಲಗಚ್ಚು ಇಟ್ಟು ಬಂದಿರಾ?”

ಇಟ್ಟಿರಲಿಲ್ಲ. ಮೇಷ್ಟ್ರು ಇಟ್ಟೆನೆಂದು ಸುಳ್ಳು ಹೇಳಿದರು.

ಸಂಜೆ ಹೊರಡುವ ಮುನ್ನ ಅವರು ವೈದ್ಯೆಯ ಕೋಣೆಗೆ ಹೋಗಿ ಆ ರಟ್ಟಿನ ಪುಸ್ತಕವನ್ನು ಕೇಳಿದರು. “ಇವತ್ತಿನದು ಕೆಳಗಿನ ಅಂಕೆಗೆ ಒಂದು ಸೇರಿತಲ್ಲ?” ಎಂದರು. ಸೇರಿತೆಂದು ಆಕೆ ತೋರಿಸಿದಳು. ಅವರು ಇನ್ನೂ ನಿಂತೇ ಇದ್ದರು.

“ಇನ್ನೊಂದು ಬರೆಯಬೇಕಿತ್ತು. ನಿಮ್ಮ ಆಸ್ಪತ್ರೆಯದಲ್ಲ. ಹಳೆಯದು.”

ವೈದ್ಯೆ ಪುಸ್ತಕವನ್ನು ತಿರುಗಿಸಿ, ಕಡೆಯ ಖಾಲಿ ಹಾಳೆಯನ್ನು ತೆರೆದು ಲೇಖನಿಯನ್ನು ಅವರ ಕೈಗೆ ಕೊಟ್ಟಳು. ಮೇಷ್ಟ್ರು ಗುಂಡಗಿನ ಅಕ್ಷರಗಳಲ್ಲಿ ಬರೆದರು: ‘1962. ಹೆಣ್ಣು. ವಯಸ್ಸು 19. ಅಪೆಂಡಿಸೈಟಿಸ್. ಬೆಳಗ್ಗೆ ಗಂಜಿ ಕುಡಿದಿದ್ದಳು. ಎಚ್ಚರವಾಗಲಿಲ್ಲ. ಕಾರಣ ಯಾರೂ ಕೇಳಲಿಲ್ಲ.’

ಬರೆದು, ಶಾಯಿ ಒಣಗುವವರೆಗೆ ಕಾದು, ಪುಸ್ತಕ ಮುಚ್ಚಿ, ಹಸುವಿಗೆ ಕಲಗಚ್ಚು ಇಡಲು ಮನೆಗೆ ಹೊರಟರು.